ದೊಡ್ಡ ತರಗತಿಯ ಮಕ್ಕಳು ಮನಸ್ಸಿಟ್ಟು ತೊಡಗುವ ಚಟುವಟಿಕೆಗಳು ಯಾವುವು?

ಇತಿಹಾಸ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು 15ರಿಂದ 17 ವರ್ಷ ವಯಸ್ಸಿನ ವಿದ್ಯಾರ್ಥಿಗಳಿಗೆ ಇತಿಹಾಸವನ್ನು ಬೋಧಿಸುತ್ತೇನೆ. ಕೆಳಗಿನ ತರಗತಿಗಳಲ್ಲಿ ಸೊಗಸಾಗಿ ನಡೆಯುವ ರಸಪ್ರಶ್ನೆ, ಪದಬಂಧ, ಪಾತ್ರಾಭಿನಯಗಳನ್ನು ಈ ವಯಸ್ಸಿನವರ ಮುಂದಿಟ್ಟರೆ ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಾರೆ, ಮುಂದಿನ ಬೆಂಚಿನವರು ‘ಇದು ಪರೀಕ್ಷೆಗೆ ಬರುತ್ತದೆಯೇ’ ಎಂದು ಕೇಳುತ್ತಾರೆ, ನಡುವಿನವರು ಎದ್ದೇಳಿ ಎಂದರೆ ಎದ್ದು, ಕುಳಿತುಕೊಳ್ಳಿ ಎಂದರೆ ಕೂರುತ್ತಾರೆ. ಇವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಬಿಡುವಿನಲ್ಲಿ ಕಾರಿಡಾರಿನಲ್ಲಿ ನಿಂತು ಇವರು ಮಾಡುವ ವಾದಗಳನ್ನು ಕೇಳಿದರೆ ಯಾವ ವಕೀಲರಿಗೂ ಕಡಿಮೆಯಿಲ್ಲ ಎನಿಸುತ್ತದೆ. ತರಗತಿಯೊಳಗೆ ಕಾಲಿಟ್ಟ ಕೂಡಲೇ ತುಟಿ ಬಿಚ್ಚುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಕಾರ್ಯಹಾಳೆಗಳಲ್ಲಿ ಬಹುಪಾಲು ಚಿಕ್ಕ ಮಕ್ಕಳಿಗೆ ಹೇಳಿಮಾಡಿಸಿದವು. 45 ನಿಮಿಷಗಳ ಪೀರಿಯಡ್ಡಿನಲ್ಲಿ, ಪ್ರೊಜೆಕ್ಟರ್ ಇದ್ದರೂ ಇಲ್ಲದಿದ್ದರೂ ನಡೆಸಬಹುದಾದ, ಈ ವಯಸ್ಸಿನವರ ಬುದ್ಧಿಗೆ ಗೌರವ ಕೊಡುವಂತಹ ಚಟುವಟಿಕೆ ಹಾಗೂ ಸಾಮಗ್ರಿಗಳನ್ನು ತಾವು ಬಳಸಿ ನೋಡಿದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕು. ವಿಷಯ ಯಾವುದಾದರೂ ಆಗಬಹುದು.

ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ತಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಕಾರಿಡಾರಿನಲ್ಲಿ ಅವರು ವಾದಿಸುವುದು ಅಲ್ಲಿ ಅವರದೇ ಆದ ಒಂದು ಪಕ್ಷವಿರುವುದರಿಂದ. ತರಗತಿಯಲ್ಲಿ ಎಲ್ಲ ಉತ್ತರಗಳೂ ನಮ್ಮ ಕೈಯಲ್ಲಿ ಮೊದಲೇ ಇವೆ ಎಂಬುದು ಅವರಿಗೆ ಗೊತ್ತು. ನಾವು ಕೇಳುವ ಪ್ರಶ್ನೆ ಅವರ ಪಾಲಿಗೆ ಕೇವಲ ತಪಾಸಣೆ. ದೊಡ್ಡ ಮಕ್ಕಳಿಗೆ ಆಟ ಬೇಕಿಲ್ಲ, ಉತ್ತರ ತಿಳಿಯುವ ಮೊದಲೇ ಒಂದು ನಿಲುವು ತೆಗೆದುಕೊಳ್ಳುವ ಅವಕಾಶ ಬೇಕು, ಆ ಮೇಲೆ ಆ ನಿಲುವನ್ನು ಅಲ್ಲಾಡಿಸುವ ಸಾಕ್ಷ್ಯ ಬೇಕು. ಈ ಎರಡೂ ಇದ್ದರೆ ಚಟುವಟಿಕೆ ಎಷ್ಟೇ ಸರಳವಾಗಿದ್ದರೂ ನಡೆಯುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಬಣ್ಣಬಣ್ಣದ ಚಾರ್ಟುಗಳೆಲ್ಲ ದಂಡ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಒಂದೇ ಅಳತೆಯ ಎರಡು ಗಾಜಿನ ಲೋಟಗಳು, ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಧಾರಾಳವಾಗಿ ಉಪ್ಪು ಕರಗಿಸಿದ ನೀರು. ಉಪ್ಪನ್ನು ಮುಂಚಿತವಾಗಿಯೇ ಕರಗಿಸಿಟ್ಟು, ಎರಡೂ ಲೋಟಗಳ ನೀರು ಕೋಣೆಯ ಉಷ್ಣತೆಗೆ ಬರುವಂತೆ ನೋಡಿಕೊಳ್ಳಬೇಕು. ಎರಡಕ್ಕೂ ಒಂದೇ ಗಾತ್ರದ ಮಂಜುಗಡ್ಡೆಯನ್ನು ಹಾಕುವ ಮುನ್ನ, ಯಾವುದು ಮೊದಲು ಕರಗುತ್ತದೆ ಎಂಬುದನ್ನೂ ಅದಕ್ಕೊಂದು ಕಾರಣವನ್ನೂ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. ಉಪ್ಪು ಹಾಕಿದರೆ ಮಂಜು ಕರಗುತ್ತದೆ ಎಂಬ ಮಾತನ್ನು ಎಲ್ಲೋ ಓದಿರುವುದರಿಂದ ಹೆಚ್ಚಿನವರು ಉಪ್ಪುನೀರಿನ ಪರ ನಿಲ್ಲುತ್ತಾರೆ. ಕರಗುವುದು ಮಾತ್ರ ಸಾದಾ ನೀರಿನಲ್ಲಿಯೇ ಬೇಗ, ಅದೂ ಕಣ್ಣಿಗೆ ಕಾಣುವಷ್ಟು ಅಂತರದಲ್ಲಿ. ಆಗ ತರಗತಿಯಲ್ಲಿ ಎದ್ದೇಳುವ ಗಲಾಟೆಯನ್ನು ಅಡಗಿಸಬೇಡಿ. ಇನ್ನೊಂದು ಜೊತೆ ಲೋಟಗಳಿಗೆ, ಶಾಯಿ ಬೆರೆಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಗಳನ್ನು ಹಾಕಿ, ಮಾತಾಡದೆ ನಿಂತುಕೊಳ್ಳಿ. ಸಾದಾ ನೀರಿನಲ್ಲಿ ಬಣ್ಣವು ಎಳೆಎಳೆಯಾಗಿ ತಳಕ್ಕೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಮೇಲ್ಭಾಗದಲ್ಲೇ ಒಂದು ಪದರವಾಗಿ ಉಳಿದುಬಿಡುತ್ತದೆ. ಕರಗಿದ ತಣ್ಣೀರು ಸಾದಾ ನೀರಿಗಿಂತ ಹೆಚ್ಚು ಸಾಂದ್ರವಾದ್ದರಿಂದ ಕೆಳಗಿಳಿದು ಬೆಚ್ಚಗಿನ ನೀರಿಗೆ ಜಾಗ ಬಿಡುತ್ತದೆ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅಲ್ಲಿ ಮೇಲೆಯೇ ತೇಲಿ ಮಂಜುಗಡ್ಡೆಗೆ ಹೊದಿಕೆಯಾಗುತ್ತದೆ ಎಂಬುದನ್ನು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಸಾಂದ್ರತೆ, ಸಂವಹನ ಎಂಬ ಎರಡು ಪಾಠಗಳು ಅಲ್ಲಿಗೆ ಒಟ್ಟಿಗೆ ಸೇರುತ್ತವೆ.

‘ಊಹಿಸು, ನೋಡು, ವಿವರಿಸು’ ಎಂಬ ಈ ಕ್ರಮವನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರಲ್ಲಿ ವಿವರವಾಗಿ ಬರೆದಿದ್ದಾರೆ. ಪ್ರಯೋಗ ಸಾಮಗ್ರಿ ಇಲ್ಲದಿದ್ದಾಗ ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ಬಳಸಿದ ವಿಧಾನ ಸಾಕು. ಲೆಕ್ಕವಿಲ್ಲದ, ಪರಿಕಲ್ಪನೆಯನ್ನು ಮಾತ್ರ ಕೆಣಕುವ ಒಂದು ಬಹು ಆಯ್ಕೆಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುವುದು, ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸುವುದು, ಆಮೇಲೆ ತಮಗಿಂತ ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ಯತ್ನಿಸುವುದು, ಬಳಿಕ ಮತ್ತೊಮ್ಮೆ ಉತ್ತರಿಸುವುದು. ಸರಿಯುತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರ ನಡುವೆ ಇದ್ದಾಗ ಮಾತ್ರ ಈ ಚರ್ಚೆಗೆ ಅರ್ಥವಿದೆ. ಅದಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು, ಹೆಚ್ಚಾದರೆ ಮುಂದಕ್ಕೆ ಹೋಗಬೇಕು.

ಹೊಸದಾಗಿ ಸೇರಿದ ಶಿಕ್ಷಕಿ

ಸರ್, ಬಹಳ ಉಪಯುಕ್ತವಾಗಿದೆ. ನಾನು ತರಬೇತಿಯಲ್ಲಿದ್ದಾಗ, ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಸ್ವತಃ ಮಾಡಿದ್ದರಲ್ಲಿ ಶೇ 90 ನೆನಪಿನಲ್ಲಿ ಉಳಿಯುತ್ತದೆ ಎಂಬ ಪಿರಮಿಡ್ಡಿನ ಚಿತ್ರವನ್ನು ತೋರಿಸಿದ್ದರು. ಹಾಗಿದ್ದ ಮೇಲೆ ಉಪನ್ಯಾಸವನ್ನು ಪೂರ್ತಿಯಾಗಿ ಬಿಟ್ಟು ಪ್ರತಿ ಪೀರಿಯಡ್ಡನ್ನೂ ಚಟುವಟಿಕೆಯನ್ನಾಗಿಯೇ ಮಾಡಬಾರದೇಕೆ?

ಶಿಕ್ಷಕರ ತರಬೇತುದಾರ

ಆ ಚಿತ್ರವನ್ನು ನಮ್ಮಂಥವರೇ ಹರಡಿದ್ದರಿಂದ ಅದನ್ನು ಸರಿಪಡಿಸುವ ಹೊಣೆಯೂ ನಮ್ಮ ಮೇಲಿದೆ. ಎಡ್ಗರ್ ಡೇಲ್ 1946ರಲ್ಲಿ ಅನುಭವಗಳನ್ನು ಮೂರ್ತದಿಂದ ಅಮೂರ್ತದವರೆಗೆ ಜೋಡಿಸಿ ಒಂದು ಶಂಕುವಿನ ಚಿತ್ರವನ್ನು ಕೊಟ್ಟರು. ಅದರಲ್ಲಿ ಶೇಕಡಾವಾರು ಅಂಕಿಗಳೇ ಇರಲಿಲ್ಲ. ಹತ್ತು, ಇಪ್ಪತ್ತು, ತೊಂಬತ್ತು ಎಂಬ ಗುಂಡು ಸಂಖ್ಯೆಗಳನ್ನು ಬೇರೆಯವರು ಆಮೇಲೆ ಸೇರಿಸಿದರು, ಅವುಗಳ ಹಿಂದೆ ಯಾವ ಪ್ರಯೋಗವೂ ಇಲ್ಲ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡುವುದರಿಂದ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೂ ಸಾಕಷ್ಟು ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪರಿಶೀಲಿಸಿ ಬರೆದಿದ್ದಾರೆ.

ಆಧಾರವಿರುವ ಸಂಗತಿಗಳು ಬೇರೆಯೇ ಇವೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗದ್ಯಭಾಗವನ್ನು ಒಮ್ಮೆ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ನೆನಪಿದ್ದದ್ದು ಸುಮಾರು ಶೇ 42, ಪುಸ್ತಕ ಮುಚ್ಚಿ ಬರೆದದ್ದರಲ್ಲಿ ಶೇ 56. ಪೀರಿಯಡ್ಡಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ, ಹಿಂದಿನ ವಾರದ ಪಾಠದಿಂದ ಮೂರು ಪ್ರಶ್ನೆಗಳಿಗೆ ಅಂಕವಿಲ್ಲದೆ ಉತ್ತರ ಬರೆಸುವುದು ಇದರಿಂದಲೇ ಹುಟ್ಟಿದ ಚಟುವಟಿಕೆ. ನೋಡಲು ನೀರಸ, ಆದರೆ ಪರೀಕ್ಷೆಯ ಚಿಂತೆಯಲ್ಲಿರುವ ಈ ವಯಸ್ಸಿನವರು ಅದರ ಲಾಭವನ್ನು ತಾವೇ ಕಂಡುಕೊಂಡ ಮೇಲೆ ಬಿಡುವುದಿಲ್ಲ.

ಇನ್ನೊಂದು ಮಾತು. ‘ಇದೆಲ್ಲ ಬೇಡ, ನೋಟ್ಸ್ ಬರೆಸಿಬಿಡಿ’ ಎಂದು ವಿದ್ಯಾರ್ಥಿಗಳು ಹೇಳಿದಾಗ ಎದೆಗುಂದಬೇಕಿಲ್ಲ. ಹಾರ್ವರ್ಡಿನಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವತಃ ಸಮಸ್ಯೆ ಬಿಡಿಸುತ್ತಾ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದರು, ಆದರೆ ತಾವು ಕಲಿತದ್ದು ಕಡಿಮೆ ಎಂದೇ ಭಾವಿಸಿದರು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಇದಕ್ಕೆ ತದ್ವಿರುದ್ಧ. ತಿಣುಕಾಡುವಾಗ ಆಗುವ ಆಯಾಸವನ್ನು ಅವರು ತಿಳಿಯದೇ ಇರುವುದರ ಗುರುತೆಂದು ಎಣಿಸುತ್ತಾರೆ. ಈ ಸಂಗತಿಯನ್ನು ವರ್ಷದ ಆರಂಭದಲ್ಲಿಯೇ ಅವರಿಗೆ ತಿಳಿಸಿಬಿಡುವುದು ಒಳ್ಳೆಯದು. ದೊಡ್ಡವರಲ್ಲವೇ, ಕಾರಣ ಹೇಳಿದರೆ ಒಪ್ಪುತ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯ

ತಮ್ಮೆಲ್ಲರ ಉತ್ಸಾಹವನ್ನು ಮೆಚ್ಚುತ್ತಲೇ ಒಂದೆರಡು ಆಕ್ಷೇಪಗಳನ್ನು ಮುಂದಿಡುತ್ತೇನೆ. ಪೋರ್ಷನ್ ಮುಗಿಸುವ ಹೊಣೆ ಶಿಕ್ಷಕರದೇ ಹೊರತು ಸಂಶೋಧಕರದಲ್ಲ. ಗುಂಪು ಚರ್ಚೆ ಎಂಬ ಹೆಸರಿನಲ್ಲಿ ಇಬ್ಬರು ಮಾತನಾಡಿ ಉಳಿದವರು ಹರಟುವ ಪೀರಿಯಡ್ಡುಗಳನ್ನು ನಾನು ಧಾರಾಳವಾಗಿ ನೋಡಿದ್ದೇನೆ. ಏನೂ ತಿಳಿಯದವರನ್ನು ಗುಂಪು ಕಟ್ಟಿ ಕೂರಿಸಿದರೆ ತಿಳಿವಳಿಕೆ ತಾನಾಗಿ ಹುಟ್ಟುವುದಿಲ್ಲ. ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಬರೆದ ಪ್ರಬಂಧದ ವಾದವೂ ಇದೇ: ಹೊಸಬರಿಗೆ ಮಾರ್ಗದರ್ಶನ ಕಡಿಮೆಯಾದಷ್ಟೂ ಕಲಿಕೆ ಕುಂಟುತ್ತದೆ. ಬಿಡಿಸಿ ತೋರಿಸಿದ ಒಂದು ಲೆಕ್ಕ, ಅಚ್ಚುಕಟ್ಟಾಗಿ ಕಟ್ಟಿದ ಒಂದು ಉಪನ್ಯಾಸ ಇವುಗಳ ಬೆಲೆಯನ್ನು ಮರೆಯಬಾರದು. ಚಟುವಟಿಕೆಗಾಗಿ ಚಟುವಟಿಕೆ ಎಂಬುದು ನಮ್ಮ ಕಾಲದ ಗಿಳಿಪಾಠಕ್ಕಿಂತ ಮೇಲೇನಲ್ಲ.

ಭೌತಶಾಸ್ತ್ರ ಉಪನ್ಯಾಸಕ

ಗುರುಗಳೇ, ತಮ್ಮ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಪ್ರತಿ ಅಧ್ಯಾಯದಲ್ಲೂ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿರುತ್ತದೆ. ಆ ಒಂದು ಜಾಗಕ್ಕೆ ಮಾತ್ರ ಚಟುವಟಿಕೆಯನ್ನು ಮೀಸಲಿಟ್ಟು, ಮಿಕ್ಕದ್ದನ್ನು ನೇರವಾಗಿ ಬೋಧಿಸುವುದೇ ನನ್ನ ಕ್ರಮ. ಮಜೂರ್ ವಿಧಾನದಲ್ಲಿಯೂ ಪ್ರಶ್ನೆಗೆ ಮೊದಲು ಒಂದು ಕಿರು ಉಪನ್ಯಾಸ ಇದ್ದೇ ಇದೆ. ಒಪ್ಪದ ಕಾಲು ಪಾಲು ಇಷ್ಟು: ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ತಂತ್ರಜ್ಞಾನ, ಗಣಿತದ ಕಾಲೇಜು ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉಪನ್ಯಾಸ ಮಾತ್ರವಿದ್ದ ತರಗತಿಗಳಲ್ಲಿ ಅನುತ್ತೀರ್ಣರು ಸರಾಸರಿ ಶೇ 33.8, ವಿದ್ಯಾರ್ಥಿಗಳು ಸಕ್ರಿಯವಾಗಿದ್ದ ತರಗತಿಗಳಲ್ಲಿ ಶೇ 21.8. ಪೋರ್ಷನ್ ಮುಗಿಯುವುದು ನಮ್ಮ ಡೈರಿಯಲ್ಲೋ ಅವರ ತಲೆಯಲ್ಲೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಇತಿಹಾಸ ಶಿಕ್ಷಕಿ

ಚರ್ಚೆ ಬಹಳ ಉಪಯುಕ್ತವಾಗಿ ಸಾಗಿದೆ. ನನ್ನ ತೊಡಕು ಏನೆಂದರೆ, ವಿಜ್ಞಾನದಲ್ಲಿ ಮಂಜುಗಡ್ಡೆಯೇ ಬಂದು ತೀರ್ಪು ಕೊಡುತ್ತದೆ. ಇತಿಹಾಸದಲ್ಲಿ ನಡೆದುಹೋದದ್ದನ್ನು ಊಹಿಸು ಎಂದು ಕೇಳುವುದು ಹೇಗೆ? ಪುಸ್ತಕದ ಮುಂದಿನ ಪುಟ ತಿರುವಿದರೆ ಉತ್ತರ ಅಲ್ಲಿಯೇ ಇರುತ್ತದೆ.

ಸಮಾಜ ವಿಜ್ಞಾನ ಶಿಕ್ಷಕ

ಮೇಡಂ, ಫಲಿತಾಂಶವನ್ನು ಊಹಿಸಲು ಹೇಳಬೇಡಿ. ಅಂದಿನವರ ಕೈಯಲ್ಲಿದ್ದ ಮಾಹಿತಿಯನ್ನಷ್ಟೇ ಕೊಟ್ಟು ತೀರ್ಮಾನ ಮಾಡಲು ಹೇಳಿ. ನಾನು ಹಲವು ತಂಡಗಳೊಂದಿಗೆ ಮಾಡಿ ನೋಡಿದ ಒಂದು ಪಾಠವನ್ನು ವಿವರಿಸುತ್ತೇನೆ, ಇದು ಜೀವಶಾಸ್ತ್ರದವರಿಗೂ ಭೂಗೋಳದವರಿಗೂ ಆದೀತು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹಬ್ಬಿ, ಹತ್ತೇ ದಿನಗಳಲ್ಲಿ ಐದುನೂರಕ್ಕೂ ಹೆಚ್ಚು ಜನ ಸತ್ತರು. ರೋಗ ಹರಡುವುದು ಕೊಳೆತ ವಸ್ತುಗಳ ದುರ್ಗಾಳಿಯಿಂದ ಎಂಬುದು ಅಂದಿನ ಬಹುಪಾಲು ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯ ಮಾತ್ರ ಅದು ನೀರಿನಿಂದ ಎನ್ನುತ್ತಿದ್ದ. ತರಗತಿಯನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪೂ ಸ್ಥಳೀಯ ಆಡಳಿತ ಸಮಿತಿಯೆಂದು ಹೇಳಿ, ಒಂದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ: ಬ್ರಾಡ್ ಸ್ಟ್ರೀಟಿನ ಕೈಪಂಪಿನ ಹಿಡಿಕೆಯನ್ನು ತೆಗೆಸುತ್ತೀರೋ ಇಲ್ಲವೋ? ಸ್ನೋ ಹೆಸರನ್ನಾಗಲೀ ಮುಂದೇನಾಯಿತು ಎಂಬುದನ್ನಾಗಲೀ ಹೇಳುವುದಿಲ್ಲ.

ಮಾಹಿತಿಯನ್ನು ಒಂದೇ ಸಲಕ್ಕೆ ಕೊಡದೆ ಲಕೋಟೆಗಳಲ್ಲಿ ಒಂದೊಂದಾಗಿ ಹಂಚಬೇಕು, ಪ್ರತಿ ಲಕೋಟೆಯ ನಂತರ ಗುಂಪು ತನ್ನ ತೀರ್ಮಾನವನ್ನು ಬರೆದಿಡಬೇಕು. ಮೊದಲನೆಯದರಲ್ಲಿ ಸಾವುಗಳನ್ನು ಗುರುತಿಸಿದ ನಕಾಶೆ. ಗುರುತುಗಳು ಪಂಪಿನ ಸುತ್ತ ದಟ್ಟವಾಗಿವೆ. ಆ ಬೀದಿಯಲ್ಲಿ ಜನರೂ ಹೆಚ್ಚು, ದುರ್ಗಂಧವೂ ಹೆಚ್ಚು, ಇದರಿಂದೇನೂ ಸಿದ್ಧವಾಗುವುದಿಲ್ಲ ಎಂದು ಯಾವುದಾದರೂ ಗುಂಪು ಹೇಳಬೇಕು, ಹೇಳದಿದ್ದರೆ ನಾವೇ ಕೆಣಕಬೇಕು. ಎರಡನೆಯದರಲ್ಲಿ ಅಲ್ಲಿಯೇ ಪಕ್ಕದ ಬಡವರ ಆಶ್ರಯಗೃಹದ ಸಂಗತಿ. ಸುತ್ತಲಿನ ಮನೆಗಳಲ್ಲೆಲ್ಲ ಸಾವು ಸಂಭವಿಸಿದ್ದರೂ ಅಲ್ಲಿದ್ದ 535 ಜನರಲ್ಲಿ ಕಾಲರಾಕ್ಕೆ ಬಲಿಯಾದವರು ಐದೇ ಮಂದಿ. ಆ ಗೃಹಕ್ಕೆ ತನ್ನದೇ ಬಾವಿ ಇತ್ತು. ಮೂರನೆಯದರಲ್ಲಿ ಅದೇ ಬೀದಿಯ ಬಿಯರ್ ತಯಾರಿಕಾ ಘಟಕ: ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ, ಅವರು ಕುಡಿಯುತ್ತಿದ್ದದ್ದು ಬಿಯರ್, ಪಂಪಿನ ನೀರನ್ನಲ್ಲ. ಗಾಳಿಯೇ ಕಾರಣವಾಗಿದ್ದರೆ ಅವರು ಬೇರೆ ಗಾಳಿಯನ್ನು ಉಸಿರಾಡುತ್ತಿದ್ದರೇ ಎಂದು ಹಿಂದಿನ ಬೆಂಚಿನಿಂದಲೇ ಒಂದು ದನಿ ಏಳುತ್ತದೆ. ಕೊನೆಯ ಲಕೋಟೆಯಲ್ಲಿ, ಸೋಹೊದಿಂದ ಬಹು ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಕಾಲರಾದಿಂದ ಸತ್ತ ಒಬ್ಬ ವಿಧವೆಯ ವಿಷಯವಿರುತ್ತದೆ. ರುಚಿ ಹಿಡಿಸಿತೆಂದು ಆಕೆ ಈ ಪಂಪಿನ ನೀರನ್ನೇ ತರಿಸಿಕೊಂಡು ಕುಡಿಯುತ್ತಿದ್ದಳು. ಇಲ್ಲಿಗೆ ಬರುವಷ್ಟರಲ್ಲಿ ತರಗತಿ ಹೆಚ್ಚುಕಡಿಮೆ ಒಮ್ಮತಕ್ಕೆ ಬಂದಿರುತ್ತದೆ.

ಪಾಠದ ತಿರುಳು ಆಮೇಲೆ ಬರುತ್ತದೆ. ಸೆಪ್ಟೆಂಬರ್ 8ರಂದು ಹಿಡಿಕೆಯನ್ನು ತೆಗೆಯಲಾಯಿತು, ಆದರೆ ಅಷ್ಟರಲ್ಲಿ ಜನ ಆ ಪ್ರದೇಶವನ್ನು ಬಿಟ್ಟು ಓಡಿದ್ದರಿಂದ ಸಾವುಗಳು ಆಗಲೇ ಇಳಿಮುಖವಾಗಿದ್ದವು ಎಂಬುದನ್ನು ಸ್ನೋ ತಾನೇ ಒಪ್ಪಿಕೊಂಡಿದ್ದಾನೆ ಎಂದು ಹೇಳಿ, ಹಾಗಾದರೆ ಹಿಡಿಕೆ ತೆಗೆದದ್ದರಿಂದಲೇ ರೋಗ ನಿಂತಿತು ಎಂದು ಬರೆಯಬಹುದೇ ಎಂದು ಕೇಳಬೇಕು. ಸಾಕ್ಷ್ಯ ಸರಿಯಿದ್ದೂ ಅದರ ಮೇಲೆ ಕಟ್ಟಿದ ಕಥೆ ಅತಿಯಾಗಬಹುದು ಎಂಬ ವಿವೇಚನೆ ಇಲ್ಲಿ ಹುಟ್ಟುತ್ತದೆ. ಹದಿನಾರರ ವಯಸ್ಸಿಗೆ ಇದು ಭಾರವಲ್ಲ. ದೊಡ್ಡವರ ಕೆಲಸವನ್ನು ತಮಗೆ ಕೊಟ್ಟಿದ್ದಾರೆ ಎಂದು ಅವರಿಗೆ ಅನಿಸುತ್ತದೆ, ಅದೇ ಅವರನ್ನು ಹಿಡಿದಿಡುತ್ತದೆ. ಪಠ್ಯದಲ್ಲಿರುವ ಯಾವುದೇ ಒಪ್ಪಂದ, ಕಾಯಿದೆ, ಬಂಡಾಯದ ಪಾಠಕ್ಕೂ ಇದೇ ಅಚ್ಚನ್ನು ಬಳಸಬಹುದು. ಲಕೋಟೆಗಳನ್ನು ಒಮ್ಮೆ ಸಿದ್ಧಪಡಿಸುವುದು ತ್ರಾಸದ ಕೆಲಸ ನಿಜ, ಆದರೆ ಮುಂದಿನ ವರ್ಷಗಳಿಗೆ ಅವೇ ಬರುತ್ತವೆ.

ಗಣಿತ ಶಿಕ್ಷಕಿ

ನಮ್ಮ ವಿಷಯದಲ್ಲಿ ನಿಲುವು ಎಲ್ಲಿಂದ ತರುವುದು ಎಂದು ಯಾರಾದರೂ ಕೇಳುವ ಮೊದಲೇ ಬರೆಯುತ್ತಿದ್ದೇನೆ. ಸಂಖ್ಯಾಶಾಸ್ತ್ರದ ಅಧ್ಯಾಯಕ್ಕೆ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ದತ್ತಾಂಶ ಗುಚ್ಛಗಳಿಗಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ. ಪ್ರತಿ ಗುಚ್ಛದಲ್ಲಿ 11 ಜೋಡಿ ಸಂಖ್ಯೆಗಳಿವೆ. ನಾಲ್ಕು ಗುಂಪುಗಳಿಗೆ ಒಂದೊಂದನ್ನು ಕೊಡಿ, ಬೇರೆಯವರದು ಬೇರೆ ಎಂದು ಮಾತ್ರ ಹೇಳಬೇಡಿ. ಜೋಡಿಗಳ ಮೊದಲ ಸಂಖ್ಯೆಗಳ ಸರಾಸರಿ 9, ಎರಡನೆಯವುಗಳದ್ದು 7.5, ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ ಗುಣಾಂಕ ಸುಮಾರು 0.816 ಎಂದು ಎಲ್ಲ ಗುಂಪುಗಳೂ ಒಂದೇ ಉತ್ತರವನ್ನು ಹೇಳುತ್ತವೆ, ನಮಗೆಲ್ಲ ಒಂದೇ ಲೆಕ್ಕ ಕೊಟ್ಟಿದ್ದಾರೆ ಎಂದು ನಂಬುತ್ತವೆ. ಆಗ ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ಹಲಗೆಗೆ ಅಂಟಿಸಲು ಹೇಳಿ. ಒಂದರಲ್ಲಿ ಚದುರಿದ ಬಿಂದುಗಳು, ಒಂದರಲ್ಲಿ ನಯವಾದ ವಕ್ರರೇಖೆ, ಒಂದರಲ್ಲಿ ನೇರ ಸಾಲಿನಿಂದ ಸಿಡಿದು ನಿಂತ ಒಂದು ಬಿಂದು, ಇನ್ನೊಂದರಲ್ಲಿ ಕಂಬದಂತೆ ನಿಂತ ಬಿಂದುಗಳೂ ದೂರದಲ್ಲಿ ಒಂಟಿಯಾದ ಇನ್ನೊಂದೂ. ಸರಾಸರಿ ಎಷ್ಟನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸಂಭವನೀಯತೆಗೆ ಮೂರು ಇಸ್ಪೀಟು ಎಲೆಗಳು ಸಾಕು. ಒಂದರ ಹಿಂದೆ ಬಹುಮಾನವಿದೆ ಎಂದುಕೊಳ್ಳಿ. ವಿದ್ಯಾರ್ಥಿ ಒಂದನ್ನು ಆರಿಸಿದ ಮೇಲೆ, ಬಹುಮಾನ ಎಲ್ಲಿದೆ ಎಂದು ತಿಳಿದಿರುವ ಜೊತೆಗಾರ ಮಿಕ್ಕ ಎರಡರಲ್ಲಿ ಬಹುಮಾನವಿಲ್ಲದ ಒಂದನ್ನು ತೆರೆದು, ಆಯ್ಕೆಯನ್ನು ಬದಲಿಸುತ್ತೀಯಾ ಎಂದು ಕೇಳುತ್ತಾನೆ. ಬದಲಿಸಿದರೂ ಬಿಟ್ಟರೂ ಸಮಪಾಲು ಎಂದು ಬಹುತೇಕರು ಹಟ ಹಿಡಿಯುತ್ತಾರೆ. ಜೋಡಿಜೋಡಿಯಾಗಿ ಆಡಿಸಿ ಇಡೀ ತರಗತಿಯ ಫಲಿತಾಂಶವನ್ನು ಹಲಗೆಯ ಮೇಲೆ ಕೂಡಿಸುತ್ತ ಹೋದರೆ, ಬದಲಿಸಿದವರ ಗೆಲುವು ಮೂರರಲ್ಲಿ ಎರಡು ಪಾಲಿನ ಹತ್ತಿರಕ್ಕೆ ಬರುತ್ತದೆ. ಒಂದು ಜೋಡಿಯ ಆಟವನ್ನಷ್ಟೇ ನೋಡಿದರೆ ಏನೂ ಸ್ಪಷ್ಟವಾಗುವುದಿಲ್ಲ. ಎಲ್ಲರದನ್ನೂ ಕೂಡಿಸಿಯೇ ನೋಡಬೇಕು, ಅದೂ ಒಂದು ಪಾಠವೇ.

ಭಾಷಾ ಶಿಕ್ಷಕ

ಮೇಲಿನ ಎಲ್ಲದರಲ್ಲೂ ಮಾತನಾಡುವ ಧೈರ್ಯ ಇರುವವರ ಕಥೆಯೇ ಆಯಿತು. ಈ ವಯಸ್ಸಿನಲ್ಲಿ ತಪ್ಪು ಉತ್ತರಕ್ಕಿಂತ ಗೆಳೆಯರ ಎದುರು ನಗೆಪಾಟಲಾಗುವ ಅಂಜಿಕೆ ದೊಡ್ಡದು. ಆದ್ದರಿಂದ ಮೊದಲು ಬರವಣಿಗೆ, ಆಮೇಲೆ ಜೋಡಿ, ಕೊನೆಗೆ ಇಡೀ ತರಗತಿ ಎಂಬ ಕ್ರಮವನ್ನು ಬಿಡಬಾರದು. 1981ರಲ್ಲಿ ಫ್ರ್ಯಾಂಕ್ ಲೈಮನ್ ಸೂಚಿಸಿದ ಹಳೆಯ ವಿಧಾನವಿದು, ಈಗಲೂ ಇದನ್ನು ಮೀರಿಸಿದ್ದು ಕಡಿಮೆ. ಪಕ್ಕದವನೊಂದಿಗೆ ಒಮ್ಮೆ ಹೇಳಿ ನೋಡಿದ ಮಾತನ್ನು ಎಲ್ಲರ ಎದುರು ಹೇಳುವುದು ಸುಲಭ.

ಇನ್ನೊಂದು, ನಮ್ಮ ಮೌನ. ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಕಂಡುಕೊಂಡರು. ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಮೂರು ಸೆಕೆಂಡು ಕೇಳಲು ಅಲ್ಪ. ಹಲಗೆಯ ಮುಂದೆ ನಿಂತಾಗ ಅದು ಮುಗಿಯುವುದೇ ಇಲ್ಲ.

ಕಥೆ ಅಥವಾ ಕವಿತೆಯ ಚರ್ಚೆಗೆ ನಾನು ಬಳಸುವುದು ಒಳವೃತ್ತ, ಹೊರವೃತ್ತದ ಕ್ರಮ. ಏಳೆಂಟು ಮಂದಿ ನಡುವೆ ಕುಳಿತು ಚರ್ಚಿಸುತ್ತಾರೆ, ಉಳಿದವರು ಸುತ್ತ ಕುಳಿತು ತಲಾ ಒಬ್ಬ ಭಾಷಣಕಾರನನ್ನು ಗಮನಿಸಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ: ಪಠ್ಯದ ಯಾವ ಸಾಲನ್ನು ಆಧಾರವಾಗಿ ಕೊಟ್ಟ, ಬೇರೆಯವರ ಮಾತಿಗೆ ಉತ್ತರಿಸಿದನೋ ತನ್ನದನ್ನೇ ಹೇಳಿಕೊಂಡನೋ ಎಂದು. ಅರ್ಧ ಪೀರಿಯಡ್ಡಿಗೆ ಜಾಗ ಬದಲು. ಸಾರ್ವಜನಿಕ ಪ್ರಶ್ನೆಗಳ ಮೇಲಿನ ಪ್ರಬಂಧ ಬರೆಸುವ ಮುನ್ನ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ಪಕ್ಷಾಂತರದ ಚರ್ಚೆಯನ್ನು ಮಾಡಿಸುತ್ತೇನೆ. ನಾಲ್ವರಲ್ಲಿ ಇಬ್ಬರು ಪರ, ಇಬ್ಬರು ವಿರುದ್ಧ. ಸ್ವಲ್ಪ ಹೊತ್ತಿನ ಬಳಿಕ ಪಕ್ಷಗಳನ್ನು ಅದಲುಬದಲು ಮಾಡಿ ಎದುರಾಳಿಯ ವಾದವನ್ನೇ ಇವರು ಮಂಡಿಸಬೇಕು. ಕೊನೆಯಲ್ಲಿ ನಾಲ್ವರೂ ಸೇರಿ ಒಪ್ಪುವ ಒಂದು ಹೇಳಿಕೆಯನ್ನು ಬರೆಯಬೇಕು. ಸಾಮಾನ್ಯ ಚರ್ಚಾ ಸ್ಪರ್ಧೆಯಲ್ಲಿ ಗೆಲ್ಲುವುದೇ ಗುರಿಯಾಗಿ ಬಾಯಿ ದೊಡ್ಡದಿದ್ದವರಿಗೆ ಬಹುಮಾನ ಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ.

ಹೊಸದಾಗಿ ಸೇರಿದ ಶಿಕ್ಷಕಿ

ಪಾಠವನ್ನು ಭಾಗಗಳಾಗಿ ಹಂಚಿ, ಒಬ್ಬೊಬ್ಬರು ಒಂದೊಂದನ್ನು ಕಲಿತು ಉಳಿದವರಿಗೆ ಕಲಿಸುವ ಜಿಗ್ಸಾ ವಿಧಾನದ ಬಗ್ಗೆ ತಮ್ಮ ಅಭಿಪ್ರಾಯವೇನು? ಹಾಗೆಯೇ ಉಚಿತವಾಗಿ ಸಿಗುವ ಡಿಜಿಟಲ್ ಸಾಮಗ್ರಿಗಳಲ್ಲಿ ಈ ವಯಸ್ಸಿಗೆ ಒಪ್ಪುವಂಥವು ಯಾವುವು?

ಶಿಕ್ಷಕರ ತರಬೇತುದಾರ

ಜಿಗ್ಸಾವನ್ನು ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ರೂಪಿಸಿದ್ದು ಮುಖ್ಯವಾಗಿ ಬೇರೆಬೇರೆ ಜನಾಂಗಗಳ ಮಕ್ಕಳ ನಡುವಿನ ಹಗೆಯನ್ನು ತಗ್ಗಿಸಲು. ಆ ಉದ್ದೇಶಕ್ಕೆ ಅದು ಇಂದಿಗೂ ಒಳ್ಳೆಯದು. ಪಾಠದ ಭಾಗಗಳು ಒಂದನ್ನೊಂದು ಅವಲಂಬಿಸಿದ್ದರೆ ಅದನ್ನು ಬಳಸಬೇಡಿ, ಏಕೆಂದರೆ ಒಬ್ಬ ಗೈರುಹಾಜರಾದರೂ, ಅರ್ಧಂಬರ್ಧ ವಿವರಿಸಿದರೂ ಇಡೀ ಗುಂಪಿನ ತಿಳಿವಳಿಕೆ ಅಲ್ಲಿಗೆ ಮುರಿಯುತ್ತದೆ. ಒಂದೇ ಘಟನೆಯ ನಾಲ್ಕು ಸಮಕಾಲೀನ ವರದಿಗಳಂತಹ ಬಿಡಿ ತುಣುಕುಗಳಿಗೆ ಅದು ಹೇಳಿಮಾಡಿಸಿದ್ದು.

ಡಿಜಿಟಲ್ ಸಾಮಗ್ರಿಗಳಲ್ಲಿ, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಅನುಕರಣೆಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ನಡೆಸುವ ಪ್ರಯೋಗಗಳು, ವಿಜ್ಞಾನ ಮತ್ತು ಗಣಿತಕ್ಕೆ ಮೊದಲ ಆಯ್ಕೆ. ಜ್ಯಾಮಿತಿ, ಕಲನಶಾಸ್ತ್ರಗಳಿಗೆ ಜಿಯೋಜೀಬ್ರಾ. ಮೊಬೈಲಿನ ಸಂವೇದಕಗಳನ್ನೇ ಪ್ರಯೋಗದ ಉಪಕರಣವಾಗಿಸುವ, ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದ ಫೈಫಾಕ್ಸ್ ಕೂಡ ಉಚಿತ. ಲೋಲಕದ ಆವರ್ತನೆ, ಲಿಫ್ಟಿನ ವೇಗೋತ್ಕರ್ಷ, ಶಬ್ದದ ವೇಗ ಇವನ್ನೆಲ್ಲ ಅದರಿಂದ ಅಳೆಯಬಹುದು. ದೇಶಗಳ ಆದಾಯ, ಆಯುರ್ಮಾನಗಳ ಚರ್ಚೆಗೆ ಗ್ಯಾಪ್‌ಮೈಂಡರ್ ಚಿತ್ರಗಳಿವೆ. ಆದರೆ ಇವುಗಳಲ್ಲಿ ಯಾವುದನ್ನೇ ಆಗಲಿ ‘ತೆರೆದು ನೋಡಿ’ ಎಂದು ಬಿಟ್ಟರೆ ಹತ್ತು ನಿಮಿಷ ಗುಂಡಿ ಒತ್ತಿ ಮುಗಿಸುತ್ತಾರೆ. ಜಾರುಪಟ್ಟಿಯನ್ನು ಎಳೆಯುವ ಮುನ್ನ ಏನಾಗುತ್ತದೆ ಎಂದು ಬರೆಸಿಕೊಳ್ಳಿ.

ಇತಿಹಾಸ ಶಿಕ್ಷಕಿ

ಲಕೋಟೆಗಳ ವಿಧಾನವನ್ನು ಮುಂದಿನ ಅಧ್ಯಾಯಕ್ಕೆ ಅಳವಡಿಸಲು ಸಾಮಗ್ರಿಯನ್ನು ಜೋಡಿಸಿಕೊಳ್ಳುತ್ತಿದ್ದೇನೆ. ಕೊನೆಯದಾಗಿ ಎರಡು ಸಂದೇಹಗಳು. ಊಹೆಯ ಚೀಟಿಗಳಿಗೆ ಅಂಕ ಕೊಡಬೇಕೇ? ಅಂಕವಿಲ್ಲ ಎಂದರೆ ನಿರ್ಲಕ್ಷಿಸುತ್ತಾರೆ, ಅಂಕವಿದೆ ಎಂದರೆ ತರಗತಿಯ ಜಾಣನನ್ನು ನೋಡಿ ಬರೆಯುತ್ತಾರೆ. ಎರಡನೆಯದು, ತಾನು ಬರೆದದ್ದು ತಪ್ಪೆಂದು ತಿಳಿದ ಕೂಡಲೇ ಅದನ್ನು ಹೊಡೆದುಹಾಕಿ, ಮೊದಲಿನಿಂದಲೂ ಸರಿಯಾಗಿಯೇ ಬರೆದಿದ್ದೆ ಎಂದು ತೋರಿಸಿಕೊಳ್ಳುವವರನ್ನು ಹೇಗೆ ನಿಭಾಯಿಸುವುದು?

ನಿವೃತ್ತ ಮುಖ್ಯೋಪಾಧ್ಯಾಯ

ಅಂಕ ಬೇಡವೆಂದೇ ನನ್ನ ಸಲಹೆ, ಮೇಡಂ. ಊಹೆಗೆ ಅಂಕವಿಟ್ಟ ದಿನವೇ ಅದು ಊಹೆಯಾಗಿ ಉಳಿಯುವುದಿಲ್ಲ. ಲಕೋಟೆಯ ಪಾಠವನ್ನು ಇಷ್ಟು ಬಿಗಿಯಾಗಿ ಕಟ್ಟಬಹುದು ಎಂದಾದರೆ, ಚಟುವಟಿಕೆಯಲ್ಲಿ ಶಿಕ್ಷಕರ ಕೆಲಸ ಕಡಿಮೆಯಾಗುತ್ತದೆ ಎಂಬ ನನ್ನ ಆಕ್ಷೇಪವನ್ನು ನಾನು ಸಡಿಲಿಸಬೇಕಾಗುತ್ತದೆ. ಹರಟೆಯ ಬಗೆಗಿನ ಆಕ್ಷೇಪವನ್ನು ಮಾತ್ರ ಬಿಡುವುದಿಲ್ಲ. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬೇಡ, ವರದಿ ಒಪ್ಪಿಸುವವರು ಯಾರೆಂಬುದನ್ನು ಕೊನೆಯ ಕ್ಷಣದವರೆಗೂ ಹೇಳಬೇಡಿ.

ಭೌತಶಾಸ್ತ್ರ ಉಪನ್ಯಾಸಕ

ಚೀಟಿಯನ್ನು ನಡುವೆ ಮಡಿಸಿ ಎರಡು ಭಾಗ ಮಾಡಿಸಿ. ಎಡಭಾಗದಲ್ಲಿ ಊಹೆ ಮತ್ತು ಕಾರಣವನ್ನು ಪೆನ್ನಿನಲ್ಲಿಯೇ ಬರೆಯಬೇಕು. ಬರೆದಾದ ಮೇಲೆ ಪೆನ್ನುಗಳೆಲ್ಲ ಬ್ಯಾಗಿನೊಳಗೆ ಹೋಗುತ್ತವೆ, ಮೇಜಿನ ಮೇಲೆ ಪೆನ್ಸಿಲ್ ಮಾತ್ರ ಇರುತ್ತದೆ. ಬಲಭಾಗದಲ್ಲಿ ಈಗ ಏನೆಂದುಕೊಳ್ಳುತ್ತೇನೆ, ಯಾವ ಸಾಕ್ಷ್ಯ ನನ್ನನ್ನು ಬದಲಿಸಿತು ಅಥವಾ ಬದಲಿಸಲಿಲ್ಲ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮೌಲ್ಯಮಾಪನ ಮಾಡಲೇಬೇಕಾದರೆ ಬಲಭಾಗಕ್ಕೆ ಮಾತ್ರ ಅಂಕ ಕೊಡಿ, ಅದೂ ನಿಲುವಿಗಲ್ಲ, ಕೊಟ್ಟ ಕಾರಣಕ್ಕೆ. ಎಡಭಾಗದಲ್ಲಿ ತಪ್ಪಿದ್ದು ಬಲಭಾಗದಲ್ಲಿ ಒಳ್ಳೆಯ ಕಾರಣ ಕೊಟ್ಟವರ ಮೂರ್ನಾಲ್ಕು ಚೀಟಿಗಳನ್ನು, ಹೆಸರು ಹೇಳದೆ, ಮರುದಿನ ಮೊದಲ ಐದು ನಿಮಿಷಗಳಲ್ಲಿ ಓದಿ ಹೇಳಿ. ತಪ್ಪನ್ನು ಮುಚ್ಚಿಡುವ ಚಾಳಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.